ಹರಳಿಗೆ ಒಂದು ಗಂಟೆ, ಕಬ್ಬಿಗೆ ಹದಿನಾಲ್ಕು ದಿನ

ಲೋಕದಲ್ಲೇ ಇಲ್ಲದ ಹರಳಿಗೆ ಇರುವ ಮರ್ಯಾದೆ ಗದ್ದೆಯಲ್ಲಿ ನಿಂತಿರುವ ಕಬ್ಬಿಗೆ ಇಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಲೆಕ್ಕದ ಮಾತು.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಅಂತ ಒಂದು ಆನ್‌ಲೈನ್ ಆಟ. ಅದರ ಹಳೇ ಆವೃತ್ತಿಯನ್ನು 2022ರಲ್ಲಿ ಮತ್ತೆ ಬಿಟ್ಟಾಗ ಮಂಡ್ಯದ ನಮ್ಮಣ್ಣನ ಮಗನೂ ಸೇರಿಕೊಂಡ. ರಾತ್ರಿಯೆಲ್ಲಾ ಆಟದೊಳಗಿನ ಹಿಮದ ಬೆಟ್ಟ ಸುತ್ತಿ ಟೈಟಾನಿಯಂ ಅದಿರು ಅಗೆಯುತ್ತಿದ್ದ. ಮನೆ ಹಿಂದಿನ ಗದ್ದೆಗೆ ನೀರು ತಿರುಗಿಸು ಅಂದರೆ ಮಾತ್ರ ಸೊಂಟ ನೋವು. ಅಗೆದಿದ್ದನ್ನು ಮಾರದೆ ಗುಡ್ಡೆ ಹಾಕಿದ್ದ.

"ಏನ್ಲಾ, ಇದನ್ನೇನು ಉಪ್ಪಿನಕಾಯಿ ಹಾಕ್ತೀಯಾ?" ಅಂದೆ.

"ಅಪ್‌ಡೇಟ್ ಬತ್ತದೆ ಕಣ್ ಚಿಕ್ಕಪ್ಪ. ಆಗ ನೋಡು ರೇಟು."

ಅವನ ಧೈರ್ಯಕ್ಕೆ ಕಾರಣ ಇತ್ತು. ಮೂಲ ಆಟದಲ್ಲಿ ಈ ಅಪ್‌ಡೇಟ್ ಮೊದಲ ಸಲ ಬಂದಿದ್ದು 2009ರ ಆಗಸ್ಟ್‌ನಲ್ಲಿ. ಅಲ್ಲಿವರೆಗೆ ಆಟದ ಪೇಟೆಯಲ್ಲಿ ಕೆಂಪು ಹರಳು ಅಂದರೆ ಸ್ಕಾರ್ಲೆಟ್ ರೂಬಿ. ಕೆತ್ತಿ ಕವಚಕ್ಕೆ ಕೂರಿಸಿದರೆ 16 ಅಂಕ ಬಲ. ಅಪ್‌ಡೇಟ್‌ನಲ್ಲಿ ಕಾರ್ಡಿನಲ್ ರೂಬಿ ಬಂತು, 20 ಅಂಕ. ಅದು ಸಿಗುವ ಒಂದು ದಾರಿ ಟೈಟಾನಿಯಂ ಅದಿರನ್ನು ಐದೈದಾಗಿ ಸೋಸುವುದು, ಅದೂ ಅದೃಷ್ಟ ಇದ್ದರೆ. ನಾಲ್ಕು ಅಂಕದ ವ್ಯತ್ಯಾಸಕ್ಕೆ ನಿನ್ನೆಯ ರಾಜ ಇವತ್ತು ಸೆಕೆಂಡ್ ಹ್ಯಾಂಡ್, ಮೂಲೆಯಲ್ಲಿದ್ದ ಅದಿರು ಚಿನ್ನ.

ಇದರಲ್ಲಿ ನನಗೆ ಹೊಟ್ಟೆ ಉರಿಸಿದ್ದು ರೇಟಲ್ಲ, ಶಿಸ್ತು. ಬದಲಾವಣೆ ಏನು ಅಂತ ವಾರಗಟ್ಟಲೆ ಮುಂಚೆ ಬರೆದು ಹಾಕುತ್ತಾರೆ. ಮೊದಲು ಪರೀಕ್ಷೆಯ ಸರ್ವರ್‌ನಲ್ಲಿ ಬಿಟ್ಟು, ಆಡುವವರಿಂದಲೇ ಬೈಸಿಕೊಂಡು, ಆಮೇಲೆ ಜಾರಿ. ಹರಳಿನ ಮೇಲೆ ಬೆರಳಿಟ್ಟರೆ ಅದರ ಸತ್ವ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ. ಹರಾಜುಕಟ್ಟೆಯ ಕಮಿಷನ್ ನೂರಕ್ಕೆ ಐದು, ಅಷ್ಟೇ. ಮಾಲು ಹೋದ ಒಂದು ಗಂಟೆಗೆ ದುಡ್ಡು ಅಂಚೆ ಪೆಟ್ಟಿಗೆಯಲ್ಲಿ! 'ಈವ್ ಆನ್‌ಲೈನ್' ಅನ್ನೋ ಇನ್ನೊಂದು ಆಟದವರಂತೂ ತಮ್ಮ ಮಾರುಕಟ್ಟೆ ನೋಡಿಕೊಳ್ಳಲು 2007ರಲ್ಲೇ ಒಬ್ಬ ಅರ್ಥಶಾಸ್ತ್ರಜ್ಞನನ್ನು ನೌಕರಿಗೆ ಇಟ್ಟುಕೊಂಡರು.

ಈಗ ನಮ್ಮಣ್ಣನ ಕಡೆ ಬನ್ನಿ. ವರ್ಷ ಪೂರ್ತಿ ಬೆಳೆಸಿದ ಕಬ್ಬು. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಾಲ್‌ಗೆ 355 ರೂಪಾಯಿ. ಖುಷಿ ಪಡಬೇಡಿ, ಅದು ಸಕ್ಕರೆ ಇಳುವರಿ ಶೇಕಡಾ 10.25 ಇದ್ದರೆ, ಅಂದರೆ ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ ಬಂದರೆ. ಇಳುವರಿ ಎಷ್ಟು ಬಂತು ಅಂತ ಲೆಕ್ಕ ಕೊಡುವವರು ಕಾರ್ಖಾನೆಯವರೇ. ಕಬ್ಬಿನ ಮೇಲೆ ಬೆರಳಿಟ್ಟರೆ ಏನೂ ಕಾಣಲ್ಲ, ಸುಂಕು ಅಂಟುತ್ತದೆ. ಬಂದ ದರದಲ್ಲಿ ಕಟಾವು, ಸಾಗಣೆ ಖರ್ಚು ಮುರಿದುಕೊಂಡು ಉಳಿದಿದ್ದು ರೈತನಿಗೆ. 14 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ಶೇಕಡಾ 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಪಾಪ, ಹೇಳುತ್ತಲೇ ಇದೆ.

ಆದ್ದರಿಂದ ನನ್ನದೊಂದು ಬೇಡಿಕೆ. ಕಬ್ಬನ್ನು ಸರ್ಕಾರದ ಕೈಯಿಂದ ಬಿಡಿಸಿ ಆಟದವರಿಗೆ ವಹಿಸಿಬಿಡಿ. ಪ್ರತಿ ಜಲ್ಲೆಯ ಮೇಲೂ ಇಳುವರಿ ಮಿನುಗಲಿ. ಹೊಸ ದರವನ್ನು ಮೊದಲು ಪರೀಕ್ಷೆಯ ಸರ್ವರ್‌ನಲ್ಲಿ ಹಾಕಲಿ. ನಾವು ಹೆದ್ದಾರಿಗೆ ಇಳಿದು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸುವ ಬದಲು ಅಲ್ಲೇ ಕೂತು ಬೈಯುತ್ತೇವೆ. ಪೊಲೀಸರಿಗೂ ಸ್ವಲ್ಪ ವಿಶ್ರಾಂತಿ.

ಅಣ್ಣನಿಗೆ ಇದನ್ನೆಲ್ಲಾ ವಿವರಿಸಿದೆ. ಗಮನ ಇಟ್ಟು ಕೇಳಿದ. ಆಟದವರದ್ದೂ ಒಂದು ದೋಷ ಇದೆ, ಸರ್ವರ್ ರಿಪೇರಿ ಅಂತ ಆಗಾಗ ಬಾಗಿಲು ಹಾಕುತ್ತಾರೆ ಅಂದೆ.

"ಎಷ್ಟು ತಿಂಗ್ಳು?" ಅಂದ.

ಕೆಲವೇ ಗಂಟೆ ಅಂದೆ. ಅಲ್ಲಿವರೆಗೂ ಎಲ್ಲವನ್ನೂ ನಂಬಿದ್ದವನು ಟವೆಲ್ ಕೊಡವಿಕೊಂಡು ಎದ್ದು ಹೋದ.