ಹವ್ಯಾಸಿಯ ಮುಖಕಾಂತಿ

ಫ್ರೀಲಾನ್ಸರ್ ಎಂಬುವವನಿಗೆ ಕನ್ನಡದಲ್ಲಿ ‘ಹವ್ಯಾಸಿ ಬರಹಗಾರ’ ಎಂದು ನಾಮಕರಣ ಮಾಡಿದ ಮಹನೀಯರು ಯಾರೋ, ಅವರ ದೂರದೃಷ್ಟಿಗೆ ನಮಸ್ಕಾರ. ಹವ್ಯಾಸಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಅಂಚೆಚೀಟಿ ಸಂಗ್ರಹಿಸುವವನು ತಿಂಗಳ ಕೊನೆಗೆ ಅಂಚೆ ಕಚೇರಿಗೆ ಬಿಲ್ಲು ಕಳಿಸುವುದಿಲ್ಲ. ಆದ್ದರಿಂದ ಸೌಂದರ್ಯ, ಫ್ಯಾಷನ್, ಸ್ವಾಸ್ಥ್ಯ, ಸಂಸ್ಕೃತಿ ಎಂಬ ನಾಲ್ಕು ಖಾತೆಗಳನ್ನು ದಾವಣಗೆರೆಯ ಬಾಡಿಗೆ ಕೋಣೆಯಿಂದಲೇ ನಿಭಾಯಿಸುವ ನಾನು, ಮೂರು ಲೇಖನಗಳ ಸಂಭಾವನೆಯನ್ನು ನೆನಪಿಸಿ ಸಂಪಾದಕರಿಗೆ ಬರೆದ ಪತ್ರಕ್ಕೆ ಉತ್ತರವಾಗಿ ಒಂದು ಪೆಟ್ಟಿಗೆ ಬಂದಾಗ ಅಚ್ಚರಿಪಡಬಾರದಾಗಿತ್ತು. ಅದರಲ್ಲಿ ಎರಡು ಸೀರಮ್, ಒಂದು ಸನ್‌ಸ್ಕ್ರೀನ್ ಮತ್ತು ‘ನಿಮ್ಮನ್ನು ನೀವು ಪ್ರೀತಿಸಿ’ ಎಂದು ಅಚ್ಚು ಹಾಕಿದ ಚೀಟಿ ಇದ್ದವು.

ಸರ್ಕಾರವನ್ನು ದೂರುವಂತಿಲ್ಲ. ವೃತ್ತಿಯಿಂದ ವಸ್ತುರೂಪದಲ್ಲಿ ಬರುವ ಲಾಭ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಕೊಡುವವರು ಶೇ 10ರಷ್ಟು ತೆರಿಗೆ ಮುರಿದುಕೊಳ್ಳಬೇಕೆಂಬ ಆದಾಯ ತೆರಿಗೆ ಕಾಯ್ದೆಯ 194ಆರ್ ನಿಯಮವನ್ನು ಅದು 2022ರ ಜುಲೈ 1ರಿಂದಲೇ ಜಾರಿಗೆ ತಂದು, ಮುಖಕ್ಕೆ ಹಚ್ಚುವುದೂ ಆದಾಯವೇ ಎಂದು ಒಪ್ಪಿಕೊಂಡಿತು. ಒಪ್ಪದವರು ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಮಾತ್ರ. ಸನ್‌ಸ್ಕ್ರೀನಿಗೆ ಅವರು ಒಂದು ಸೇರು ಮಂಡಕ್ಕಿಯನ್ನೂ ಅಳೆದು ಕೊಡಲಾರರು.

ಮೊದಲನೆಯ ಲೇಖನ ‘ಬೆಣ್ಣೆಯಿಲ್ಲದ ಏಳು ಬೆಳಗಿನ ತಿಂಡಿಗಳು’. ಇದನ್ನು ಬರೆಯಲು ಇಡೀ ರಾಜ್ಯದಲ್ಲಿ ದಾವಣಗೆರೆಯವನೇ ಸಿಗಬೇಕಾಗಿತ್ತು. ಹಿಟ್ಟಿಗೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬಿ, ಕಾದ ಹಂಚಿನ ಮೇಲೆ ಹೊಯ್ದು, ಮೇಲಿಂದ ಬೆಣ್ಣೆಯನ್ನು ಧಾರಾಳವಾಗಿ ಸುರಿದ ದೋಸೆಯನ್ನು ಆಲೂಗಡ್ಡೆ ಪಲ್ಯದೊಂದಿಗೆ ಮುಗಿಸಿ, ಕೈ ತೊಳೆದುಕೊಂಡು, ಅದೇ ಮೇಜಿನ ಮೇಲೆ ನಾನು ಜಿಡ್ಡಿನ ವಿರುದ್ಧ ಎಂಟುನೂರು ಪದಗಳನ್ನು ಬರೆದೆ. ಅದೇ ಸಂಪಾದಕರು ಈಗ ಸಂಸ್ಕೃತಿ ಪುಟಕ್ಕೆ ‘ಬೆಣ್ಣೆ ದೋಸೆ: ಒಂದು ಪರಂಪರೆ’ ಎಂಬ ಲೇಖನ ಕೇಳಿದ್ದಾರೆ. ಪುಟ ತಿರುವಿದರೆ ವಿಷವೂ ಪರಂಪರೆಯಾಗುತ್ತದೆ.

ಎರಡನೆಯದಕ್ಕೆ ಶ್ರಮವೇ ಬೇಕಾಗಲಿಲ್ಲ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರನ್ನು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಿಸಿಕೊಂಡಂತೆ, ನಾನೂ ನನ್ನ ಹಳೆಯ ಲೇಖನದಲ್ಲಿ ‘ಬಿಳುಪು’ ಇದ್ದಲ್ಲೆಲ್ಲ ‘ಕಾಂತಿ’ ಎಂದು ತಿದ್ದಿ ಪ್ರಗತಿಪರನಾದೆ.

ಮೂರನೆಯದು ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಕುರಿತದ್ದು. ಕೈಯಿಂದಲೇ ಬಸ್ ಚಾರ್ಜು ಹಾಕಿಕೊಂಡು ಹೋದೆ. ಜಿಐ, ಅಂದರೆ ಭೌಗೋಳಿಕ ಸೂಚಕದ, ಮಾನ್ಯತೆ ಪಡೆದ ಸೀರೆಯನ್ನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಹಿರಿಯರು ಕೂಲಿಯ ಲೆಕ್ಕವನ್ನೆಲ್ಲ ಹೇಳಿ ಮುಗಿಸಿ, “ಇದನ್ನ ಬರೆದ್ರೆ ನಿಮಗೆಷ್ಟು ಕೊಡ್ತಾರೆ ಸಾರ್?” ಎಂದು ಕೇಳಿದರು. ನಾನು ಸೀರೆಯ ಅಂಚನ್ನು ಹೊಗಳತೊಡಗಿದೆ.

ಇಲ್ಲಿ ನಗುವಂಥದ್ದೇನೂ ಇಲ್ಲ. ಕೆಲಸ ಮಾಡಿಸಿಕೊಂಡವರು ಹಣ ಕೊಡಬೇಕು, ಒಪ್ಪಿದಷ್ಟು, ಒಪ್ಪಿದ ದಿನಕ್ಕೆ; ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಲೇಖನಕ್ಕೆ ಸಂಪಾದಕರು ಕೊಟ್ಟ ತಲೆಬರಹ ‘ನೇಕಾರನ ಬೆವರಿಗೆ ನ್ಯಾಯಬೆಲೆ ಎಂದು?’. ಪೆಟ್ಟಿಗೆಯಲ್ಲಿದ್ದ ಎರಡನೆಯ ಸೀರಮ್ ಅದರ ಬಾಬ್ತು.