ವಾಲಿಯ ಪ್ರಶ್ನೆ, ಹದಿನೇಳರ ಮಗ್ಗಿ

ನಾನು ಬರೆದ ಮೊದಲ ಕಂಪ್ಯೂಟರ್ ಪ್ರೋಗ್ರಾಮು ಮೂರೇ ಸಾಲಿನದ್ದು. ಬರೆಯಲು ಹತ್ತು ನಿಮಿಷ ಹಿಡಿಯಿತು. ಹುಡುಕಲು ಹನ್ನೊಂದು ದಿನ.

1986ರ ಬೇಸಿಗೆ ರಜೆ. ಮಾವ ಮಸ್ಕತ್ತಿನಿಂದ ಬರುವಾಗ ಸೆಂಟು, ಟಾರ್ಚು, ಹಾಲಿನ ಪುಡಿಯ ಡಬ್ಬ ತರುವುದು ವಾಡಿಕೆ. ಆ ವರ್ಷ ಒಂದು ಸಣ್ಣ ಬಣ್ಣದ ಟಿವಿ, ಒಂದು ಟೇಪ್ ರೆಕಾರ್ಡರು, ಮತ್ತೆ ಬನಿಯನ್ನುಗಳ ನಡುವೆ ಸುತ್ತಿಟ್ಟ ಒಂದು ಕರಿ ಸಾಮಾನು ಬಂತು. ದಪ್ಪ ನೋಟ್‌ಬುಕ್ಕಿನಷ್ಟು ಗಾತ್ರ. ಮೇಲೆ ಬೂದು ಬಣ್ಣದ ರಬ್ಬರ್ ಗುಂಡಿಗಳು, ಮೂಲೆಯಲ್ಲಿ ಕಾಮನಬಿಲ್ಲಿನ ಒಂದು ಗೀಟು. ಮಾವನ ಆಫೀಸಿನ ಇಂಗ್ಲೆಂಡಿನವನೊಬ್ಬ ಊರಿಗೆ ಹೊರಡುವಾಗ ಕಡಿಮೆಗೆ ಮಾರಿ ಹೋದದ್ದಂತೆ.

"ಎಂತದಾ ಇದು, ರೇಡಿಯೋವಾ?" ಅಂತ ಅಜ್ಜ ಕೇಳಿದರು.

"ಕಂಪ್ಯೂಟರು," ಅಂದರು ಮಾವ. "ಇನ್ನು ಮುಂದೆ ಎಲ್ಲ ಇದರಲ್ಲೇ."

ಝಡ್‌ಎಕ್ಸ್ ಸ್ಪೆಕ್ಟ್ರಮ್ ಅಂತ ಅದರ ಹೆಸರು. 1982ರಲ್ಲಿ ಇಂಗ್ಲೆಂಡಿನಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಮನೆ ಮನೆಗೆ ಮುಟ್ಟಿಸಿದ ಅಗ್ಗದ ಕಂಪ್ಯೂಟರು. ನಮ್ಮದು 48 ಕೆ ಮೆಮೊರಿಯದ್ದು. ಅದಕ್ಕೆ ಸ್ವಂತ ಪರದೆ ಇಲ್ಲ, ಟಿವಿಯನ್ನು ಯುಎಚ್‌ಎಫ್ ಚಾನೆಲ್ 36ಕ್ಕೆ ತಿರುಗಿಸಿ ಹೊಂದಿಸಬೇಕು. ನಮ್ಮ ಊರಿಗೆ ಆಗ ದೂರದರ್ಶನವೇ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಟಿವಿಗೂ ಬೇರೆ ಕೆಲಸ ಇರಲಿಲ್ಲ.

ಅದಕ್ಕೆ ನೆನಪು ಉಳಿಸಿಕೊಳ್ಳುವ ಶಕ್ತಿಯೂ ಇಲ್ಲ. ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಮಾಯ. ಉಳಿಸಬೇಕು ಅಂದರೆ ಟೇಪ್ ರೆಕಾರ್ಡರಿಗೆ ವಯರು ಸಿಕ್ಕಿಸಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಬೇಕು. ಹಾಡು ರೆಕಾರ್ಡ್ ಮಾಡುವ ಅದೇ ಕ್ಯಾಸೆಟ್ಟು. ಪ್ರೋಗ್ರಾಮು ಅದರಲ್ಲಿ ಸದ್ದಾಗಿ ಕೂರುತ್ತದೆ. ಮೊದಲು ಐದು ಸೆಕೆಂಡು ಕೂಊಊ ಅಂತ ಒಂದೇ ಶ್ರುತಿ. ಆಮೇಲೆ ಒಂದು ಚಿಟಿಕೆಯಷ್ಟು ಕ್ರೀಕ್, ಅದರಲ್ಲಿ ಪ್ರೋಗ್ರಾಮಿನ ಹೆಸರು ಇರುತ್ತದೆ. ಪುನಃ ಸ್ವಲ್ಪ ಕೂಊ. ಕೊನೆಗೆ ಬಿಸಿ ಕಾವಲಿಯ ಮೇಲೆ ತಗಡು ಎಳೆದ ಹಾಗೆ ಕ್ರೀಈಈ. ನಾನು ಮೊದಲ ಸಲ ಆ ಸದ್ದನ್ನು ದೊಡ್ಡದಾಗಿ ಇಟ್ಟಾಗ ಹಟ್ಟಿಯಲ್ಲಿದ್ದ ದನ ಎದ್ದು ನಿಂತಿತು.

ಮಾವ ಒಂದು ಆಟದ ಕ್ಯಾಸೆಟ್ಟು ಕೂಡ ತಂದಿದ್ದರು, ವಿಮಾನದ್ದು. ಅದು ಕಂಪ್ಯೂಟರಿಗೆ ಇಳಿಯಲು ಸುಮಾರು ಐದು ನಿಮಿಷ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ಒಂದು ಆಟಕ್ಕೆ 14 ಮೀಟರ್ ಟೇಪು. ಈ ಲೆಕ್ಕವನ್ನು ನಾನು ದೊಡ್ಡ ಸಂಶೋಧನೆ ಮಾಡಿದವನ ಹಾಗೆ ಅಡುಗೆಮನೆಗೆ ಹೋಗಿ ಹೇಳಿದೆ. ಅಮ್ಮ ದೋಸೆ ಮಗುಚುತ್ತಾ, "ಎರಡೂವರೆ ಸೀರೆಯಷ್ಟು ಉದ್ದ ಆಯ್ತಲ್ಲ, ಇಷ್ಟು ಚಿಲ್ಲರೆ ಆಟಕ್ಕೆ!" ಅಂದರು.

ಆ ಆಟವನ್ನು ನಾವು ಆಡಿದ್ದಕ್ಕಿಂತ ಕಾದದ್ದೇ ಜಾಸ್ತಿ. ವಾಲ್ಯೂಮು ಸ್ವಲ್ಪ ಕಡಿಮೆಯಾದರೂ ಇಳಿಯುವುದಿಲ್ಲ, ಜಾಸ್ತಿಯಾದರೂ ಇಳಿಯುವುದಿಲ್ಲ. ನಾಲ್ಕೂಮುಕ್ಕಾಲು ನಿಮಿಷ ಉಸಿರು ಬಿಗಿ ಹಿಡಿದು ಕೂತ ಮೇಲೆ "ಆರ್ ಟೇಪ್ ಲೋಡಿಂಗ್ ಎರರ್, 0:1" ಅಂತ ಒಂದು ಸಾಲು. ನನ್ನ ಬಾಯಿಗೆ ಬಂದ ಮೊದಲ ಇಂಗ್ಲಿಷ್ ವಾಕ್ಯ ಬಹುಶಃ ಅದೇ. ವಾಲ್ಯೂಮು ಸರಿ ಇದ್ದ ದಿನ ಚಿಕ್ಕಪ್ಪ ತೋಟದ ಪಂಪು ಹಾಕುತ್ತಿದ್ದರು. ಪಂಪು ಹಾಕಿದ ಕೂಡಲೇ ಚಾವಡಿಯ ಬಲ್ಬು ಒಮ್ಮೆ ಕೆಂಪಾಗಿ ಪುನಃ ಬೆಳಗುತ್ತಿತ್ತು. ಟಿವಿಗೆ ಸ್ಟೆಬಿಲೈಜರ್ ಇತ್ತು, ಕಂಪ್ಯೂಟರಿಗೆ ಇರಲಿಲ್ಲ. ಅದಕ್ಕೆ ಆ ಒಂದು ಕ್ಷಣ ಸಾಕು. ಎಲ್ಲ ಮರೆತು, ಬಿಳಿ ಪರದೆಯ ಕೆಳಗೆ ತನ್ನ ಕಂಪನಿಯ ಹೆಸರು ಮತ್ತು 1982 ಎಂಬ ಇಸವಿ ತೋರಿಸಿ ಮಗುವಿನ ಹಾಗೆ ಕೂರುತ್ತಿತ್ತು. ಅಡಿಕೆಗೆ ನೀರು, ನನಗೆ ಕಣ್ಣೀರು.

ಆಟ ಬೇಡ, ನಾನೇ ಏನಾದರೂ ಬರೆಯುತ್ತೇನೆ ಅಂತ ಕೂತೆ. ಹದಿನೇಳರ ಮಗ್ಗಿ ನನಗೆ ಬಾಯಿಗೆ ಬರುತ್ತಿರಲಿಲ್ಲ. ಯಂತ್ರಕ್ಕಾದರೂ ಬರಲಿ! ಮೂರು ಸಾಲು ಬರೆದು ರನ್ ಕೊಟ್ಟಾಗ ಪರದೆಯ ಮೇಲೆ 17ರಿಂದ 170ರ ತನಕ ಟಪಟಪ ಬಂತು. ಅಪ್ಪ ಎದ್ದು ಬಂದು ಕೈಬೆರಳಿನಲ್ಲಿ ಒಂದೊಂದೇ ಸಾಲು ತಾಳೆ ನೋಡಿ, "ಸರಿ ಇದೆ" ಅಂದರು. ಅಪ್ಪ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಅವರು ಸರಿ ಅಂದರೆ ಆಡಿಟ್ ಆದ ಹಾಗೆ.

ಮಗ್ಗಿಯನ್ನು ಕ್ಯಾಸೆಟ್ಟಿಗೆ ಹಾಕಿದೆ. ಇಂಥದ್ದಕ್ಕೆಲ್ಲ ದಾಖಲೆ ಬೇಕು ಅಂತ ಅಪ್ಪ ಸೊಸೈಟಿಯ ಹಳೆ ರಿಜಿಸ್ಟರು ತಂದು ಗೀಟು ಎಳೆದರು. ಕ್ರಮಸಂಖ್ಯೆ, ಕ್ಯಾಸೆಟ್ಟು, ಬದಿ, ಎಲ್ಲಿಂದ, ಎಲ್ಲಿಗೆ, ಷರಾ. ರೆಕಾರ್ಡರಿನಲ್ಲಿ ಮೂರಂಕಿಯ ಒಂದು ಕೌಂಟರ್ ಇತ್ತು. ಅದನ್ನು ನೋಡಿ ಬರೆದರು: "ಕ್ರ.ಸಂ. 1, ಕ್ಯಾಸೆಟ್ಟು 4, ಎ ಬದಿ, 112ರಿಂದ 115. ಷರಾ: ಮಗ್ಗಿ."

ಮರುದಿನ ಪಕ್ಕದ ಮನೆಯವರಿಗೆ ತೋರಿಸಲು ಹೋದರೆ 112ರಲ್ಲಿ ಮಗ್ಗಿ ಇಲ್ಲ. 100ರಿಂದ 130ರ ತನಕ ನೋಡಿದೆ. ಬರೀ ಸ್ಸ್‌ಸ್ ಅನ್ನುವ ಸದ್ದು.

ಅಲ್ಲಿಂದ ಶುರು. ನನ್ನ ಪ್ರೋಗ್ರಾಮು ಟೇಪಿನಲ್ಲಿ ಇರುವುದು ಒಟ್ಟು ಒಂಬತ್ತು ಸೆಕೆಂಡು. ಅಂದರೆ ಹತ್ತಿರ ಹತ್ತಿರ ಒಂದು ಮೊಳ ಟೇಪು. ಅರುವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಇರುವುದು ಸುಮಾರು 86 ಮೀಟರು. ಕೌಂಟರು ಎಣಿಸುವುದು ನಿಮಿಷವನ್ನಲ್ಲ, ಚಕ್ರದ ಸುತ್ತನ್ನು. ಟೇಪು ಸುತ್ತಿ ಚಕ್ರ ದಪ್ಪ ಆದ ಹಾಗೆ ಅದರ ಲೆಕ್ಕವೇ ಬದಲಾಗುತ್ತದೆ. ಇದು ಅಪ್ಪನಿಗೆ ಗೊತ್ತಾದಾಗ ಬಹಳ ಬೇಜಾರು ಮಾಡಿಕೊಂಡರು. "ಶುರುವಿಗೆ ಒಂದು ಅಳತೆ, ಕೊನೆಗೆ ಒಂದು ಅಳತೆ! ಇದು ಹಾಲಿಗೆ ನೀರು ಹಾಕುವವರ ಲೆಕ್ಕ." ಅದರ ಮೇಲೆ, ಆ ದಿನ ಕೌಂಟರನ್ನು ಸೊನ್ನೆಗೆ ತಂದಿದ್ದೆವಾ ಇಲ್ಲವಾ ಎಂಬ ಚರ್ಚೆ ಬೇರೆ. ನಾನು ತಂದಿದ್ದೆ ಅಂದೆ. ಅಪ್ಪ ಇಲ್ಲ ಅಂದರು. ಮಾವ ಯಾರ ಪಕ್ಷವನ್ನೂ ವಹಿಸದೆ ಬಾಳೆಹಣ್ಣು ತಿಂದರು.

ಕಂಪ್ಯೂಟರಿನಿಂದ ಇದಕ್ಕೆ ಸಹಾಯ ಇಲ್ಲ. ಟೇಪನ್ನು ಹಿಂದೆ ಮುಂದೆ ಓಡಿಸುವುದು ಅದರ ಕೈಯಲ್ಲಿಲ್ಲ. ಅದು ಸುಮ್ನೆ ಕೂತು ಕೇಳುತ್ತದೆ, ಅಷ್ಟೆ. ಬೇಕಾದ ಹೆಸರು ಕಿವಿಗೆ ಬೀಳುವ ತನಕ ಕೇಳುತ್ತಲೇ ಇರುತ್ತದೆ. ನಾವು ಊಟ ಮಾಡಿ, ಕೈ ತೊಳೆದು, ಎಲೆ ಎತ್ತಿ ಬಂದರೂ ಕೇಳುತ್ತಿರುತ್ತದೆ. ಇದರಲ್ಲೇ ಒಂದು ಉಪಾಯ ಮಾಡಬಹುದು ಅಂತ ಮೂರನೇ ದಿನ ನನಗೆ ಹೊಳೆಯಿತು. ಇಲ್ಲದ ಹೆಸರೊಂದನ್ನು ಹೇಳಿ ಹುಡುಕು ಅಂದರೆ, ದಾರಿಯಲ್ಲಿ ಸಿಕ್ಕ ಎಲ್ಲ ಪ್ರೋಗ್ರಾಮುಗಳ ಹೆಸರನ್ನೂ ಪರದೆಯಲ್ಲಿ ಬರೆಯುತ್ತಾ ಮುಂದೆ ಹೋಗುತ್ತದೆ. ಜಾತ್ರೆಯಲ್ಲಿ ಇಲ್ಲದ ಮನುಷ್ಯನನ್ನು ಹುಡುಕಲು ಕಳಿಸಿದರೆ ಬಂದವರ ಪಟ್ಟಿ ಸಿಗುತ್ತದಲ್ಲ, ಹಾಗೆ. ಕ್ಯಾಸೆಟ್ಟು 4ರ ಎರಡೂ ಬದಿಗೆ ಒಂದು ಗಂಟೆ ಕೂತೆ. ಒಂದು ಹೆಸರೂ ಬರಲಿಲ್ಲ. ಕ್ಯಾಸೆಟ್ಟು 1, 2, 3ಕ್ಕೂ ಅದೇ ಸೇವೆ ಆಯಿತು. ಎರಡನೆಯದರಲ್ಲಿ ಅಮ್ಮ ಯಾವತ್ತೋ ಹೇಳಿದ ಸೋಬಾನೆ ಸಿಕ್ಕಿತು. ಮೂರರಲ್ಲಿ ಚಿಕ್ಕಪ್ಪ ಯಾರಿಗೋ ಬೈಯುವುದು ಸಿಕ್ಕಿತು. ಮಗ್ಗಿ ಸಿಗಲಿಲ್ಲ. ಅಪ್ಪ ಷರಾ ಕಾಲಮ್ಮಿನಲ್ಲಿ "ಸಿಕ್ಕಿಲ್ಲ" ಅಂತ ಬರೆದು ಸಹಿ ಹಾಕಿದರು.

ಆರನೇ ದಿನ ಅಮ್ಮ ಚಾವಡಿಗೆ ಬಂದು, "ಮೂರೇ ಸಾಲು ಅಲ್ವಾ? ಪುನಃ ಬರೆದರಾಯ್ತಪ್ಪ" ಅಂದರು.

ಯಾರೂ ಮಾತಾಡಲಿಲ್ಲ. ಮಾವ ಕೆಮ್ಮಿದರು. ಕೊನೆಗೆ ಅಪ್ಪ, "ಪ್ರಶ್ನೆ ಅದಲ್ಲ. ರಿಜಿಸ್ಟರಿನಲ್ಲಿ ಇದೆ, ಸ್ಟಾಕಿನಲ್ಲಿ ಇಲ್ಲ. ಅದಕ್ಕೆ ಏನು ಹೇಳುತ್ತೀ?" ಅಂದರು. ಅಮ್ಮ ಏನೂ ಹೇಳದೆ ಹಪ್ಪಳ ಒಣಗಿಸಲು ಹೋದರು.

ಮಾವನಿಗೆ ಹೊಸ ಅನುಮಾನ ಬಂತು. ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ಡು ಓರೆಯಾಗಿದ್ದರೆ ಕಂಪ್ಯೂಟರಿಗೆ ಸದ್ದು ತಿಳಿಯುವುದಿಲ್ಲ ಅಂತ ಅವರಿಗೆ ಆ ಇಂಗ್ಲೆಂಡಿನವನು ಹೇಳಿದ್ದನಂತೆ. ಈ ಮಾತು ಸುಳ್ಳಲ್ಲ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಕೂದಲಿನಷ್ಟು ತಿರುಗಿಸಿದರೂ ವ್ಯತ್ಯಾಸ ಆಗುತ್ತದೆ. ನಾವು ಕೂದಲಿನಷ್ಟು ತಿರುಗಿಸಲಿಲ್ಲ. ಅರ್ಧ ಸುತ್ತು ತಿರುಗಿಸಿದೆವು.

ಆ ರಾತ್ರಿ ಅಜ್ಜ ಎಂದಿನಂತೆ ಆರಾಮ ಕುರ್ಚಿಯಲ್ಲಿ ಕೂತು ತಾಳಮದ್ದಳೆ ಹಾಕಿದರು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಮಂಗಳೂರು ಆಕಾಶವಾಣಿಯಲ್ಲಿ ಬಂದದ್ದನ್ನು ರೇಡಿಯೋದ ಎದುರು ಹಳೆ ರೆಕಾರ್ಡರು ಇಟ್ಟು, ಮನೆಯವರಿಗೆಲ್ಲ ಬಾಯಿ ಮುಚ್ಚಿಸಿ, ಅವರೇ ತುಂಬಿಸಿಕೊಂಡ ಕ್ಯಾಸೆಟ್ಟುಗಳು. ಎರಡು ನಿಮಿಷ ಕೇಳಿದವರು ನನ್ನನ್ನು ಕರೆದರು.

"ಮಾಣಿ, ಶೇಣಿಯವರಿಗೆ ನಿನ್ನೆ ತನಕ ಶೀತ ಇರಲಿಲ್ಲ."

ನಿಜಕ್ಕೂ ಕಂಬಳಿಯ ಒಳಗಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ತಾಳಮದ್ದಳೆಯಲ್ಲಿ ಪಾತ್ರದ ಮಾತು ಹೇಳುವುದಕ್ಕೆ ಅರ್ಥಗಾರಿಕೆ ಅನ್ನುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯಲ್ಲಿ ಒಂದು ಅಕ್ಷರ ಹೋದರೂ ಅಜ್ಜ ಸಹಿಸುವವರಲ್ಲ. ಮಾವ ಟಾರ್ಚು ಹಿಡಿದರು, ನಾನು ಸ್ಕ್ರೂ ತಿರುಗಿಸಿದೆ, ಅಜ್ಜ ಕಣ್ಣು ಮುಚ್ಚಿ "ಇನ್ನು ಸ್ವಲ್ಪ... ಹಾಂ, ಮೂಗು ಬಿಟ್ಟಿತು... ನಿಲ್ಲಿಸು" ಅಂದರು. ಆಮೇಲೆ ವಿಮಾನದ ಆಟ ಒಂದೇ ಸಲಕ್ಕೆ ಇಳಿಯಿತು! ಅಜ್ಜನ ಕಿವಿಯಷ್ಟು ನಿಖರವಾದ ಉಪಕರಣ ನಾನು ಇವತ್ತಿಗೂ ನೋಡಿಲ್ಲ.

ಮಗ್ಗಿ ಸಿಕ್ಕಿದ್ದು ಹನ್ನೊಂದನೇ ರಾತ್ರಿ. ಹುಡುಕಿದವರಿಗಲ್ಲ, ಅಜ್ಜನಿಗೆ. "ವಾಲಿ ವಧೆ" ಕೇಳುತ್ತಿದ್ದರು. ವಾಲಿ ಬಿದ್ದಿದ್ದಾನೆ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ರಾಮನನ್ನು ಹಿಡಿದು ಕೇಳುತ್ತಿದ್ದಾನೆ. ಅಜ್ಜ ಮುಂದೆ ಬಾಗಿ ಕೂತಿದ್ದಾರೆ. ರಾಮ ಬಾಯಿ ತೆರೆದ.

ಕೂಊಊಊ. ಕ್ರೀಕ್. ಕೂಊ. ಕ್ರೀಈ.

ಹಟ್ಟಿಯಲ್ಲಿ ದನ ಎದ್ದಿತು. ನಾನು ನಿಂತಲ್ಲೇ ನಿಂತೆ. ಮಗ್ಗಿ ಬರೆದ ದಿನ, ಅದರ ಹಿಂದಿನ ರಾತ್ರಿ ಅಜ್ಜ ಅರ್ಧಕ್ಕೆ ಬಿಟ್ಟು ಮಲಗಿದ್ದ ಕ್ಯಾಸೆಟ್ಟು ರೆಕಾರ್ಡರಿನಲ್ಲೇ ಇತ್ತು. ನಾನು ಮುಚ್ಚಳ ತೆಗೆದು ನೋಡದೆ ಅದಕ್ಕೇ ಮಗ್ಗಿ ತುಂಬಿಸಿದ್ದೆ. ಕ್ಯಾಸೆಟ್ಟು 4 ಕಪಾಟಿನಲ್ಲಿ ಬೆಚ್ಚಗೆ ಇತ್ತು. ಅಜ್ಜನ ಕ್ಯಾಸೆಟ್ಟಿನ ಮೇಲಂಚಿನ ಸಣ್ಣ ಪ್ಲಾಸ್ಟಿಕ್ ಕಿವಿಗಳನ್ನು ಮುರಿದಿಟ್ಟಿದ್ದರೆ ರೆಕಾರ್ಡ್ ಗುಂಡಿಯೇ ಒತ್ತಲು ಬರುತ್ತಿರಲಿಲ್ಲ. ಅಜ್ಜನಿಗೆ ಅದು ಗೊತ್ತಿರಲಿಲ್ಲ.

ಒಳ್ಳೆಯ ಪೆಟ್ಟು ಬೀಳುತ್ತದೆ ಅಂತ ಗೋಡೆಗೆ ಒರಗಿದೆ. ಅಜ್ಜ ಟೇಪು ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಅಲ್ಲ, ಸರಿಯೇ ಇದೆ. ಆ ಪ್ರಶ್ನೆಗೆ ರಾಮ ಇನ್ನೇನು ಹೇಳುವುದು?"

ಮರುದಿನ ಬೆಳಿಗ್ಗೆ ಮನೆಯವರೆಲ್ಲ ಸೇರಿದರು. ವಾಲಿಯ ಕ್ಯಾಸೆಟ್ಟನ್ನು ಸ್ವಲ್ಪ ಹಿಂದೆ ಓಡಿಸಿ, ವಯರು ಸಿಕ್ಕಿಸಿ, ಹೆಸರು ಟೈಪ್ ಮಾಡಿ ಟೇಪು ಬಿಟ್ಟೆ. ವಯರು ಸಿಕ್ಕಿಸಿದರೆ ರೆಕಾರ್ಡರಿನ ಸ್ಪೀಕರು ಬಂದ್. ಹಾಗಾಗಿ ಸದ್ದಿಲ್ಲ. ಆದರೆ ಕಂಪ್ಯೂಟರು ಕೇಳಿಸಿಕೊಂಡದ್ದೆಲ್ಲ ಟಿವಿಯ ಅಂಚಿನಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕೆಂಪು, ತಿಳಿನೀಲಿ. ಪ್ರೋಗ್ರಾಮು ಬರುವಾಗ ಆ ಪಟ್ಟೆಗಳು ಮಗ್ಗದ ನೂಲಿನ ಹಾಗೆ ಶಿಸ್ತಾಗಿ ಓಡುತ್ತವೆ. ಮನುಷ್ಯರ ಮಾತಿಗೆ ಎಲ್ಲ ಅಡ್ಡಾದಿಡ್ಡಿ. ಒಮ್ಮೆ ಇಡೀ ಅಂಚು ಕೆಂಪು, ಒಮ್ಮೆ ಚೂರು ಚೂರು, ಒಮ್ಮೆ ತಟಸ್ಥ.

ಅಜ್ಜ ಕುರ್ಚಿ ಎಳೆದುಕೊಂಡು ಟಿವಿಯ ಹತ್ತಿರ ಬಂದರು. "ಈಗ ವಾಲಿಗೆ ಸಿಟ್ಟು," ಅಂದರು. ಕೆಂಪು ಬಂತು. "ಇಲ್ಲಿ ಉಸಿರು ತೆಗೆಯುತ್ತಾರೆ." ಪಟ್ಟೆ ನಿಂತಿತು. ಅವರಿಗೆ ಇಡೀ ಪ್ರಸಂಗ ಬಾಯಿಪಾಠ ಇತ್ತು.

ಪಟ್ಟೆಗಳು ಶಿಸ್ತಿಗೆ ಬಂದವು. ಪರದೆಯ ಮೇಲೆ "ಪ್ರೋಗ್ರಾಮ್: ಮಗ್ಗಿ" ಅಂತ ಇಂಗ್ಲಿಷಿನಲ್ಲಿ ಮೂಡಿತು. ಅಪ್ಪ ಪೆನ್ನಿನ ಮುಚ್ಚಳ ತೆಗೆದರು. ಕಂಪ್ಯೂಟರು ಆ ಹೆಸರನ್ನು ಬರೆದು, ಮುಂದೆ ಹೋಯಿತು. ರಾಮ ಮಾತು ಮುಂದುವರಿಸಿದ.

ಉಳಿಸುವಾಗ ನಾನು ಮೊದಲ ಅಕ್ಷರ ದೊಡ್ಡದು ಹಾಕಿದ್ದೆ. ಈಗ ಸಣ್ಣದು ಹಾಕಿದ್ದೆ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಜನ.

ಪುನಃ ಹಿಂದೆ ಓಡಿಸಿದೆ. ಈ ಸಲ ಹೆಸರೇ ಹೇಳಲಿಲ್ಲ. ಎರಡು ಉದ್ಧರಣ ಚಿಹ್ನೆಯ ನಡುವೆ ಖಾಲಿ ಬಿಟ್ಟರೆ ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ಪುನಃ ವಾಲಿಯ ಸಿಟ್ಟು, ಪುನಃ ಉಸಿರು, ಪುನಃ ಶಿಸ್ತು. ಕೆಳಗೆ "ಓಕೆ" ಬಂತು. ನಾನು ರನ್ ಒತ್ತಿದೆ. 17, 34, 51. ಅಪ್ಪ ಷರಾದಲ್ಲಿದ್ದ "ಸಿಕ್ಕಿಲ್ಲ" ಎಂಬುದನ್ನು ಹೊಡೆದು ಹಾಕಿ, ಮೇಲೆ "ಸಿಕ್ಕಿದೆ" ಅಂತ ಬರೆಯುತ್ತಿದ್ದರು.

ಬಲ್ಬು ಕೆಂಪಾಯಿತು. ತೋಟದ ಕಡೆಯಿಂದ ಪಂಪಿನ ಸದ್ದು.

ಬಿಳಿ ಪರದೆ, ಕೆಳಗೆ 1982. ಅಪ್ಪನ ಪೆನ್ನು ಅರ್ಧಕ್ಕೆ ನಿಂತಿತ್ತು. ಮಾವ ಹೊರಗೆ ಹೋಗಿ ಚಿಕ್ಕಪ್ಪನಿಗೆ ಕೂಗು ಹಾಕಿದರು. ಅಜ್ಜ ಮಾತ್ರ ಕುರ್ಚಿಯನ್ನು ಟಿವಿಗೆ ಇನ್ನೊಂದು ಗೇಣು ಹತ್ತಿರ ಎಳೆದುಕೊಂಡರು.

"ಹಿಂದೆ ಓಡಿಸು ಮಾಣಿ," ಅಂದರು. "ವಾಲಿಯ ಮಾತು ಇನ್ನೊಂದು ಸಲ ನೋಡುವ."