ಆ ಚುಕ್ಕಿಯನ್ನು ಅಳಿಸಬೇಡಿ

2023ರ ಮೇ ತಿಂಗಳ ಕೊನೆಯ ಒಂದು ರಾತ್ರಿ. ಟೆಲಿಸ್ಕೋಪನ್ನು ಸಪ್ತರ್ಷಿ ಮಂಡಲದ ಬಾಲದ ಹತ್ತಿರವಿರುವ ಎಂ101 ಗ್ಯಾಲಕ್ಸಿಯ ಕಡೆ ತಿರುಗಿಸಿದ್ದೆ. ಒಂದು ನಿಮಿಷದ ಎಕ್ಸ್‌ಪೋಶರ್ ಮುಗಿದು ಲ್ಯಾಪ್‌ಟಾಪಿನಲ್ಲಿ ಚಿತ್ರ ಬಂತು. ಮಸುಕಾದ ಬೂದು ಮಚ್ಚೆ. ಅದರ ಒಂದು ಸುರುಳಿಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿ. ಹಿಂದಿನ ವರ್ಷ ನಾನೇ ತೆಗೆದಿದ್ದ ಚಿತ್ರವನ್ನೂ ತೆರೆದು, ಎರಡನ್ನೂ ಸರಿಯಾಗಿ ಕೂರಿಸಿ, ಒಂದಾದ ಮೇಲೊಂದು ನೋಡುತ್ತಾ ಹೋದೆ. ಚುಕ್ಕಿ ಇದೆ, ಇಲ್ಲ. ಇದೆ, ಇಲ್ಲ. ಮೈ ಜುಮ್ಮೆಂದಿತು.

ಅದು ಎಸ್‌ಎನ್ 2023ಐಎಕ್ಸ್‌ಎಫ್ ಎಂಬ ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ. ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಮೇ 19ರಂದು ಅದನ್ನು ಪತ್ತೆ ಹಚ್ಚಿದ್ದರು. ಸುಮಾರು 2 ಕೋಟಿ ವರ್ಷಗಳ ಹಿಂದೆ ದೊಡ್ಡ ನಕ್ಷತ್ರವೊಂದು ಒಳಗೊಳಗೇ ಕುಸಿದು ಸಿಡಿದ ಬೆಳಕು, ನನ್ನ ಕ್ಯಾಮೆರಾದ ನಾಲ್ಕಾರು ಪಿಕ್ಸೆಲ್‌ಗಳ ಮೇಲೆ ಬಂದು ಬಿದ್ದಿತ್ತು.

ಈಗ ನನಗೆ ನಿಜಕ್ಕೂ ಬೇಸರ ತರುವ ವಿಷಯಕ್ಕೆ ಬರುತ್ತೇನೆ. ಗ್ಯಾಲಕ್ಸಿ ಚೆಂದ ಕಾಣಲಿ ಅಂತ ನಕ್ಷತ್ರಗಳನ್ನೇ ತೆಗೆದುಹಾಕುವ ಸಾಫ್ಟ್‌ವೇರ್ ಬಂದಿದೆ. ಜನ ಸುಮ್ನೆ ಅದನ್ನು ಓಡಿಸಿಬಿಡುತ್ತಾರೆ. ಅದರ ಪಾಲಿಗೆ ಸೂಪರ್‌ನೋವಾ ಕೂಡ ಒಂದು ನಕ್ಷತ್ರ ಅಷ್ಟೇ, ಅಲ್ವಾ? ಆಮೇಲೆ ಮೂಲ ಫೈಲುಗಳನ್ನೂ ಜಾಗ ಸಾಲದು ಅಂತ ಅಳಿಸುತ್ತಾರೆ.

ಆದರೆ ಸಿಡಿತ ಯಾವ ಗಳಿಗೆಯಲ್ಲಿ ಕಾಣತೊಡಗಿತು ಅಂತ ಲೆಕ್ಕ ಹಾಕಲು ವಿಜ್ಞಾನಿಗಳಿಗೆ ನೆರವಾದದ್ದು, ಪತ್ತೆಗೂ ಮುಂಚೆ ಹವ್ಯಾಸಿಗಳು ತಮ್ಮ ಖುಷಿಗೆ ತೆಗೆದಿಟ್ಟಿದ್ದ ಎಂ101 ಚಿತ್ರಗಳೇ! 2016ರಲ್ಲಿ ಅರ್ಜೆಂಟೀನಾದ ವಿಕ್ಟರ್ ಬುಸೊ ಹೊಸ ಕ್ಯಾಮೆರಾ ಪರೀಕ್ಷಿಸಲು ಎನ್‌ಜಿಸಿ 613 ಗ್ಯಾಲಕ್ಸಿಯನ್ನು ತೆಗೆಯುತ್ತಿದ್ದರು. ಮೊದಲ ಚಿತ್ರಗಳಲ್ಲಿ ಏನೂ ಇಲ್ಲ. ಅದೇ ರಾತ್ರಿ ಸ್ವಲ್ಪ ಹೊತ್ತಿನ ಮೇಲೆ ಅಲ್ಲೊಂದು ಚುಕ್ಕಿ! ನಕ್ಷತ್ರ ಸಿಡಿಯುವ ಮೊದಲ ಬೆಳಕೇ ಅವರಿಗೆ ಸಿಕ್ಕಿತ್ತು.

ಹಾಗಾಗಿ ಮೂಲ ಫೈಲುಗಳನ್ನು ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಗಡಿಯಾರ ಸರಿ ಮಾಡಿಕೊಳ್ಳಿ, ಸಮಯ ತಪ್ಪಿದ್ದರೆ ಚಿತ್ರದ ಬೆಲೆ ಅರ್ಧ ಹೋದಂತೆ. ಹೊಸ ಚುಕ್ಕಿ ಕಂಡರೆ ಇನ್ನೊಂದು ಫ್ರೇಮ್ ತೆಗೆಯಿರಿ. ಟೆಲಿಸ್ಕೋಪನ್ನು ಚೂರು ಸರಿಸಿದಾಗ ಚುಕ್ಕಿ ಗ್ಯಾಲಕ್ಸಿಯ ಅದೇ ಜಾಗದಲ್ಲಿ ಉಳಿದರೆ ಅದು ಕ್ಯಾಮೆರಾದ ದೋಷವಲ್ಲ. ಗಂಟೆ ಬಿಟ್ಟು ನೋಡಿದಾಗ ಜರುಗಿದ್ದರೆ ಕ್ಷುದ್ರಗ್ರಹ.

ನಿಮ್ಮಲ್ಲಿ ಯಾರ ಹತ್ತಿರವಾದರೂ 2023ರ ಮೇ 17, 18, 19ರ ಎಂ101 ಚಿತ್ರಗಳಿದ್ದರೆ, ಇವತ್ತೇ ಆ ಹಳೇ ಹಾರ್ಡ್‌ಡಿಸ್ಕ್ ತೆಗೆದು ನೋಡಿ.